ಹನುಮನಹಳ್ಳಿಯ ಬಂಡೆ, ಫ್ರಾಂಕ್‌ಫರ್ಟ್‌ನ ಹೆಸರು

1994ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಹೊರಡುತ್ತಿದ್ದ ‘ಸೆಂಕೆನ್‌ಬರ್ಗಿಯಾನಾ ಬಯೊಲಾಜಿಕಾ’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಹೆಸರು ಅಚ್ಚಾಯಿತು. ಊರವರಿಗೆ ಅಂದು ಅದರ ಸುಳಿವೂ ಸಿಕ್ಕಿರಲಾರದು. ಬರೆದವರು ಇಬ್ಬರು: ಫ್ರಾಂಕ್‌ಫರ್ಟ್‌ನ ಸೆಂಕೆನ್‌ಬರ್ಗ್ ಮ್ಯೂಸಿಯಂನ ಡೀಟರ್ ಕಾಕ್ ಮತ್ತು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ದುಡಿದ ಎಚ್.ಆರ್. ಭಟ್. ಕೋಲಾರದ ಕಲ್ಲುಗುಡ್ಡದ ಗುಹೆಯಲ್ಲಿ ಜೋತುಬೀಳುವ ಒಂದು ಪುಟ್ಟ ಬಾವಲಿ ವಿಜ್ಞಾನಕ್ಕೆ ಹೊಸದು ಎಂದು ತೋರಿಸಿ ಅದಕ್ಕೆ ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್ ಎಂದು ಹೆಸರಿಟ್ಟರು. ನಾವೀಗ ಅದನ್ನು ಕೋಲಾರದ ಎಲೆಮೂಗಿನ ಬಾವಲಿ ಎನ್ನುತ್ತೇವೆ. ಇಡೀ ಜಗತ್ತಿನಲ್ಲಿ ಅದಕ್ಕೆ ಉಳಿದಿರುವ ಗೊತ್ತಾದ ನೆಲೆ ಹನುಮನಹಳ್ಳಿಯ ಒಂದೇ ಒಂದು ಗುಹೆ. ಲೆಕ್ಕಕ್ಕೆ ಸಿಕ್ಕಿರುವ ಬಾವಲಿಗಳು 200ಕ್ಕಿಂತ ಕಡಿಮೆ.

ಹೊಸ ಪ್ರಭೇದ ಪತ್ತೆ ಎಂಬ ಸುದ್ದಿ ಓದಿದಾಗ ನಮ್ಮ ಕಣ್ಣಿಗೆ ಬರುವುದು ದಟ್ಟ ಕಾಡು, ಹೆಗಲಿಗೆ ಚೀಲ ಹಾಕಿಕೊಂಡ ವಿಜ್ಞಾನಿ, ಅವರ ಕೈಯಲ್ಲಿ ಯಾರೂ ಕಾಣದ ಪ್ರಾಣಿ. ಬಾವಲಿಗಳ ವಿಷಯದಲ್ಲಿ ಈ ಚಿತ್ರ ಬಹುಪಾಲು ಸುಳ್ಳು. ಬಾವಲಿ ಸಿಗುವುದು ಗುಹೆಯಲ್ಲಿ, ಪಾಳುಗುಡಿಯಲ್ಲಿ, ಹಾಳುಬಾವಿಯಲ್ಲಿ. ಅದು ಹೊಸದು ಎಂದು ಗೊತ್ತಾಗುವುದು ಮಾತ್ರ ಮೇಜಿನ ಮೇಲೆ, ಅದರಂತೆಯೇ ಕಾಣುವ ಇನ್ನೂ ಹತ್ತಾರು ಬಾವಲಿಗಳ ಪಕ್ಕದಲ್ಲಿ ಇಟ್ಟು ನೋಡಿದಾಗ. ಹಾಗೆ ಹೋಲಿಸಿ ನೋಡುವ ತಾಳ್ಮೆಯ ಕೆಲಸಕ್ಕೆ ನಮ್ಮಲ್ಲಿ ಸಿಗಬೇಕಾದ ಬೆಲೆ ಸಿಕ್ಕಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಈ ಲೇಖನ.

ವೈರಾಣು ಸಂಸ್ಥೆಯವರಿಗೂ ಬಾವಲಿಗೂ ಏನು ನಂಟು? ಉತ್ತರ ಮಲೆನಾಡಿನಲ್ಲಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಇಂದಿಗೂ ಮಲೆನಾಡನ್ನು ಕಾಡುವ ಮಂಗನ ಕಾಯಿಲೆ ಅದೇ. ಉಣ್ಣೆಯಿಂದ ಹರಡುವ ಆ ವೈರಾಣು ಕಾಡಿನ ಯಾವ ಪ್ರಾಣಿಯಲ್ಲಿ ಅಡಗಿದೆ ಎಂದು ತಿಳಿಯಲು ಪುಣೆಯ ವಿಜ್ಞಾನಿಗಳು ಇಲಿ, ಅಳಿಲು, ಹಕ್ಕಿ, ಬಾವಲಿ ಎಲ್ಲವನ್ನೂ ಪರೀಕ್ಷಿಸಬೇಕಾಯಿತು. ಪ್ರಾಣಿ ಯಾವುದೆಂದು ಸರಿಯಾಗಿ ಗುರುತಿಸದೆ ಅದರ ರಕ್ತದ ವರದಿ ಬರೆದರೆ ಆ ವರದಿಗೆ ಅರ್ಥವಿಲ್ಲ. ಹಾಗಾಗಿ ಕಾಯಿಲೆಯ ಬೆನ್ನು ಹತ್ತಿ ಬಂದವರೇ ಪ್ರಾಣಿಗಳನ್ನು ಗುರುತು ಹಿಡಿಯುವುದರಲ್ಲೂ ಪಳಗಿದರು. ಭಟ್ ಮತ್ತು ಎಂ.ಎ. ಶ್ರೀನಿವಾಸನ್ ಸೇರಿ ಮಂಗನ ಕಾಯಿಲೆಯ ಪ್ರದೇಶ ಹಾಗೂ ಅದರ ಸುತ್ತಮುತ್ತಲ ಬಾವಲಿಗಳ ವಿವರವಾದ ದಾಖಲೆಯನ್ನು 1990ರಲ್ಲಿ ಪ್ರಕಟಿಸಿದರು. ಕರ್ನಾಟಕದ ಬಾವಲಿಗಳ ಬಗ್ಗೆ ಕೆಲಸ ಮಾಡುವವರು ಈಗಲೂ ಮೊದಲು ತೆರೆಯುವ ಬರಹಗಳಲ್ಲಿ ಅದೂ ಒಂದು. ಒಂದು ರೋಗದ ತನಿಖೆ ನಾಡಿನ ಜೀವಸಂಪತ್ತಿನ ಲೆಕ್ಕಕ್ಕೆ ಹೀಗೆ ಒದಗಿ ಬಂತು.

ಇನ್ನು ಆ ಮೂಗಿನ ವಿಷಯ. ಹುಳು ತಿನ್ನುವ ಬಾವಲಿಗಳು ನಮಗೆ ಕೇಳಿಸದ ಎತ್ತರದ ಸ್ವರದಲ್ಲಿ ಕೂಗಿ, ಮರಳಿ ಬರುವ ಪ್ರತಿಧ್ವನಿಯಿಂದ ದಾರಿ, ಬೇಟೆ ಎರಡನ್ನೂ ಕಂಡುಕೊಳ್ಳುತ್ತವೆ. ಹೆಚ್ಚಿನವು ಬಾಯಿಂದ ಕೂಗುತ್ತವೆ. ಎಲೆಮೂಗಿನವು ಮತ್ತು ಲಾಳಮೂಗಿನವು ಮೂಗಿನಿಂದ ಕೂಗುತ್ತವೆ. ಮೂಗಿನ ಸುತ್ತ ಬೆಳೆದ ತೊಗಲಿನ ಮಡಿಕೆಗಳು ಆ ಕೂಗನ್ನು ಒಟ್ಟುಗೂಡಿಸಿ ಬೇಕಾದ ಕಡೆಗೆ ತಿರುಗಿಸುತ್ತವೆ. ಎಲೆಮೂಗಿನ ಬಾವಲಿಯನ್ನು ಮುಖಾಮುಖಿ ಹಿಡಿದು ಕೈಮಸೂರದಲ್ಲಿ ನೋಡಿದರೆ ಮೂಗಿನ ಹೊಳ್ಳೆಗಳ ಕೆಳಗೆ ಲಾಳದಾಕಾರದ ಮುಂದಿನ ಎಲೆ, ನಡುವೆ ಉಬ್ಬಿದ ಇನ್ನೊಂದು, ಹಣೆಗೆ ತಾಗಿ ನೆಟ್ಟಗೆ ನಿಂತ ಹಿಂದಿನ ಎಲೆ ಕಾಣುತ್ತವೆ. ಹಿಂದಿನ ಎಲೆಯಲ್ಲಿ ಸಣ್ಣ ಗೋಡೆಗಳು, ಅವುಗಳ ನಡುವೆ ಕೋಣೆಗಳು. ಕೆಲವಕ್ಕೆ ಲಾಳದ ಎರಡೂ ಬದಿಗೆ ಹೆಚ್ಚುವರಿ ಮಡಿಕೆಗಳಿರುತ್ತವೆ. ನಮ್ಮ ಪಾಳುಗುಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹಿಪ್ಪೊಸಿಡೆರಸ್ ಸ್ಪಿಯೋರಿಸ್‌ಗೆ ಒಂದೊಂದು ಬದಿಗೆ ಮೂರು, ದೊಡ್ಡದಾದ ಲಂಕಾದಿವಕ್ಕೆ ನಾಲ್ಕು. ಫಲ್ವಸ್ ಎಂಬ ಚಿಕ್ಕ ಬಾವಲಿಗೆ ಒಂದೂ ಇಲ್ಲ. ಕೋಲಾರದ ಬಾವಲಿಯನ್ನು ಇಟ್ಟಿದ್ದು ಇದೇ ಫಲ್ವಸ್‌ನ ಬಳಗದಲ್ಲಿ. ಆದರೆ ಅದರ ಮೂಗಿನ ಮುಂದಿನ ಎಲೆಯಡಿ ಪುಟ್ಟ ಎಲೆಯಂಥ ಮಡಿಕೆ ಇತ್ತು. ಎಷ್ಟೋ ಜನ ಗಮನಿಸದೆ ದಾಟಿಬಿಡಬಹುದಾದಷ್ಟು ಸಣ್ಣದು. ವೈಜ್ಞಾನಿಕ ಹೆಸರು ಬಂದಿದ್ದೂ ಅದರಿಂದಲೇ.

ಬಣ್ಣವನ್ನು ನಂಬಿದರೆ ಮೋಸ ಹೋಗುವುದು ಖಂಡಿತ. ಫಲ್ವಸ್‌ನ ಒಂದೇ ಗುಂಪಿನಲ್ಲಿ ಬೂದು ಮೈಯವೂ ಇರುತ್ತವೆ, ಹೊಳೆಯುವ ಹೊಂಬಣ್ಣದವೂ ಇರುತ್ತವೆ. ಗುಹೆಯಲ್ಲಿ ಹಿಕ್ಕೆಯಿಂದ ಏಳುವ ಅಮೋನಿಯಾ ಕೂದಲ ಬಣ್ಣವನ್ನೇ ಮಸುಕಾಗಿಸುವುದುಂಟು. ಹೀಗಾಗಿ ಅಳತೆ ಬೇಕು. ಬಲೆಗೆ ಸಿಕ್ಕ ಬಾವಲಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ, ಚೀಲದ ಸಮೇತ ತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಾರೆ. ಆಮೇಲೆ ರೆಕ್ಕೆ ಮಡಿಸಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಕ್ಯಾಲಿಪರ್ ಹಿಡಿಯುತ್ತಾರೆ. ಮುಂಗೈಯ ಈ ಉದ್ದ ಬಾವಲಿ ಗುರುತಿಸುವವರ ಮೊದಲ ಅಂಕಿ. ಕಿವಿ, ಬಾಲ, ಪಾದ, ಮೊಣಕಾಲ ಕೆಳಗಿನ ಮೂಳೆ, ರೆಕ್ಕೆಯ ಒಂದೊಂದು ಬೆರಳಿನ ಒಂದೊಂದು ಗಿಣ್ಣು, ಎಲ್ಲವೂ ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಇದಕ್ಕೂ ಮುಂಚೆ ನೋಡಬೇಕಾದ್ದು ವಯಸ್ಸು. ರೆಕ್ಕೆ ಬಿಡಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಮರಿಯ ಬೆರಳ ಸಂದಿಗಳಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಮೂಲಕ ಬೆಳಕು ತೂರಿ ಬರುತ್ತದೆ. ಬೆಳೆದ ಬಾವಲಿಯ ಸಂದಿ ಗಂಟುಕಟ್ಟಿ ಕಪ್ಪಾಗಿ ಕಾಣುತ್ತದೆ. ಈ ಒಂದು ಪರೀಕ್ಷೆ ಬಿಟ್ಟರೆ ಸಾಮಾನ್ಯ ಬಾವಲಿಯ ಮರಿಯನ್ನೇ ಹೊಸ ಕುಳ್ಳ ಪ್ರಭೇದ ಎಂದುಕೊಳ್ಳುವ ಅಪಾಯವಿದೆ.

ಹೊರಗಿನ ಅಳತೆ ಸಾಲದು, ತಲೆಬುರುಡೆ ಬೇಕು. ಮಾಂಸ ತಿನ್ನುವ ಜೀರುಂಡೆಗಳ ಪೆಟ್ಟಿಗೆಯಲ್ಲಿಟ್ಟು ಬುರುಡೆಯನ್ನು ಶುಚಿಮಾಡಿಸುವ ಪದ್ಧತಿ ಮ್ಯೂಸಿಯಂಗಳಲ್ಲಿ ಹಳೆಯದು. ಬುರುಡೆಯ ಉದ್ದ, ಮೇಲ್ದವಡೆಯ ಕೋರೆಹಲ್ಲಿನಿಂದ ಕೊನೆಯ ದವಡೆಹಲ್ಲಿನವರೆಗಿನ ಸಾಲು, ಕೋರೆಹಲ್ಲಿನ ಹಿಂದೆ ಅಡಗಿದ ಸಣ್ಣ ಹಲ್ಲು ಸಾಲಿನೊಳಗಿದೆಯೋ ಹೊರಗೆ ಸರಿದಿದೆಯೋ, ಇಂಥವೇ ಪ್ರಶ್ನೆಗಳು. ಗಂಡಿನ ಶಿಶ್ನದಲ್ಲಿರುವ ಬ್ಯಾಕ್ಯುಲಮ್ ಎಂಬ ಒಂದೆರಡು ಮಿಲಿಮೀಟರ್‌ನ ಮೂಳೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಮೈಯೆಲ್ಲ ಒಂದೇ ಬಗೆಯಾಗಿ ಕಾಣುವ ಎರಡು ಪ್ರಭೇದಗಳಲ್ಲಿ ಈ ಮೂಳೆಯ ಆಕಾರ ಬೇರೆಯಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಕೊನೆಗೆ ಎಲ್ಲ ಅಂಕಿಗಳನ್ನೂ ಜಗತ್ತಿನ ಬೇರೆ ಬೇರೆ ಮ್ಯೂಸಿಯಂಗಳಲ್ಲಿರುವ ಹತ್ತಿರದ ಪ್ರಭೇದಗಳ ಅಂಕಿಗಳ ಜತೆ ಒರೆಗೆ ಹಚ್ಚಬೇಕು. ಭಾರತದ ಹಳೆಯ ಮಾದರಿಗಳಲ್ಲಿ ಎಷ್ಟೋ ಲಂಡನ್‌ನಲ್ಲಿವೆ, ಕೆಲವು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿವೆ, ಕೆಲವು ಮುಂಬೈಯಲ್ಲಿವೆ. ಇಷ್ಟಾದ ಮೇಲೆ ಒಂದು ಬಾವಲಿಯನ್ನು ಹೋಲೋಟೈಪ್ ಎಂದು ಆರಿಸಿ, ಅದನ್ನು ಎಲ್ಲಿಟ್ಟಿದ್ದೇವೆ, ಎಲ್ಲಿಂದ ತಂದೆವು ಎಂದು ಬರೆದು ಪ್ರಕಟಿಸಬೇಕು. ಅಂದಿನಿಂದ ಆ ಹೆಸರು ಆ ಒಂದು ಪ್ರಾಣಿಗೆ ಮತ್ತು ಆ ಒಂದು ಊರಿಗೆ ಅಂಟಿಕೊಂಡಿರುತ್ತದೆ. ನೂರು ವರ್ಷಗಳ ನಂತರ ಯಾರಾದರೂ ಅನುಮಾನಪಟ್ಟರೂ ಮರಳಿ ಹೋಗಬೇಕಾದ್ದು ಅಲ್ಲಿಗೇ.

ಮುಂಬೈಯ ಸಂಗ್ರಹ ಎಂದಾಗ ಒಂದು ಕಥೆ ಹೇಳಲೇಬೇಕು. 1948ರಲ್ಲಿ ಆಂಗಸ್ ಹಟನ್ ಎಂಬ ಪ್ಲಾಂಟರ್, ಪ್ರಕೃತಿಪ್ರಿಯ, ತಮಿಳುನಾಡಿನ ಹೈವೇವಿಸ್ ಬೆಟ್ಟಗಳಲ್ಲಿ ಹಣ್ಣು ತಿನ್ನುವ ಒಂದು ಬಾವಲಿಯನ್ನು ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಊರೂರಲ್ಲಿ ಕಾಣುವ ಗಿಡ್ಡಮೂಗಿನ ಹಣ್ಣುಬಾವಲಿ ಎಂಬ ಚೀಟಿ ಅಂಟಿಸಿಕೊಂಡು ಅದು ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿತ್ತು. ಥಾಯ್ಲೆಂಡಿನ ಪ್ರಾಣಿವಿಜ್ಞಾನಿ ಕಿಟ್ಟಿ ಥಾಂಗ್‌ಲಾಂಗ್ಯ ಆ ಸಂಗ್ರಹವನ್ನು ಪರಿಶೀಲಿಸುವಾಗ ಅದರ ಬಾಯಿ ಬಿಡಿಸಿ ನೋಡಿದರು. ಗಿಡ್ಡಮೂಗಿನ ಬಾವಲಿಗೆ ಒಂದೊಂದು ದವಡೆಯಲ್ಲೂ ಎರಡು ಜೊತೆ ಬಾಚಿಹಲ್ಲು ಇರಬೇಕು. ಇದಕ್ಕೆ ಇದ್ದದ್ದು ಒಂದೇ ಜೊತೆ. ಹೊರಗೆ ಕಾಣುವ ಬಾಲವೂ ಇಲ್ಲ. ಹೊಸ ಪ್ರಭೇದವಷ್ಟೇ ಅಲ್ಲ, ಹೊಸ ಕುಲವೇ ಅದು. 1972ರಲ್ಲಿ ಸೊಸೈಟಿಯ ಪತ್ರಿಕೆಯಲ್ಲೇ ಅದಕ್ಕೆ ಲ್ಯಾಟಿಡೆನ್ಸ್ ಸಲೀಮಾಲಿ ಎಂದು ಹೆಸರಾಯಿತು, ಹಕ್ಕಿತಜ್ಞ ಸಲೀಂ ಅಲಿಯವರ ಗೌರವಕ್ಕೆ. ಬೆಟ್ಟದಲ್ಲಿ ಅದು ಜೀವಂತವಾಗಿ ಮತ್ತೆ ಕಂಡಿದ್ದು 1993ರಲ್ಲಿ. ಹಟನ್ ಅವರ ಒಂದೇ ಒಂದು ಬಾವಲಿಯನ್ನು ಅಷ್ಟು ವರ್ಷ ಹುಳಹಿಡಿಯದಂತೆ ಕಾಪಾಡಿದ ಹೆಸರಿಲ್ಲದ ನೌಕರರನ್ನು ಈ ಕಥೆ ಹೇಳುವಾಗ ಯಾರೂ ನೆನೆಯುವುದಿಲ್ಲ. ನನಗೆ ಅವರೂ ಆ ಪ್ರಭೇದವನ್ನು ಕಂಡುಹಿಡಿದವರೇ.

  

ನಮ್ಮ ಕೊಡಗಿನ ಹಾಲೇರಿಗೂ ಇಂಥದೇ ಒಂದು ಪಾಲಿದೆ. ಹಾಲೇರಿ ಎಂದರೆ ನಮಗೆ ನೆನಪಾಗುವುದು ಕೊಡಗನ್ನಾಳಿದ ಅರಸುಮನೆತನ. ಬಾವಲಿ ಓದುವವರಿಗೆ ಅದು ಹಿಪ್ಪೊಸಿಡೆರಸ್ ಪೊಮೋನಾ ಎಂಬ ಪ್ರಭೇದದ ಮೂಲ ಊರು. ಅದನ್ನು ವಿವರಿಸಿದವರು ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಡೆನ್ಮಾರ್ಕ್ ಮೂಲದ ಕ್ನುಡ್ ಆಂಡರ್ಸನ್. ಅವರ ವಿವರಣೆ ಅಚ್ಚಾದ 1918ರಲ್ಲೇ ಆಂಡರ್ಸನ್ ಕಣ್ಮರೆಯಾದರು. ಮತ್ತೆಂದೂ ಅವರ ಪತ್ತೆಯಾಗಲಿಲ್ಲ. ಮುಂದಿನ ಹಲವು ದಶಕ ದಕ್ಷಿಣ ಭಾರತದಿಂದ ಚೀನಾ, ಆಗ್ನೇಯ ಏಷ್ಯಾದವರೆಗೆ ಸಿಕ್ಕ ಇಂಥ ಬಾವಲಿಗಳನ್ನೆಲ್ಲ ಪೊಮೋನಾ ಎಂದೇ ಕರೆದರು. ಅಷ್ಟು ದೊಡ್ಡ ಸೀಮೆಯಲ್ಲಿ ಹರಡಿದ ಪ್ರಾಣಿಗೆ ಅಪಾಯವೇನು ಎಂದು ಎಲ್ಲರೂ ನಿಶ್ಚಿಂತೆಯಿಂದ ಇದ್ದರು. 2018ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಚೆಲ್ಮಲ ಶ್ರೀನಿವಾಸುಲು ಬ್ಯಾಕ್ಯುಲಮ್ ಹಾಗೂ ಮೂಗಿನ ಎಲೆಯನ್ನು ಹೋಲಿಸಿ, ಪೂರ್ವದಲ್ಲಿರುವವು ಜೆಂಟಿಲಿಸ್ ಎಂಬ ಬೇರೆ ಪ್ರಭೇದ, ನಿಜವಾದ ಪೊಮೋನಾ ಭಾರತದ ಪರ್ಯಾಯ ದ್ವೀಪದ್ದು ಮಾತ್ರ ಎಂದು ತೋರಿಸಿದರು. ಯಾರೂ ಹೊಸ ಬಾವಲಿ ಹಿಡಿಯಲಿಲ್ಲ. ಆದರೂ ಹಾಲೇರಿಯ ಬಾವಲಿಯ ಸೀಮೆ ಒಮ್ಮೆಲೇ ಕುಗ್ಗಿ, ಅದು ಅಪಾಯದಂಚಿನ ಪಟ್ಟಿಗೆ ಸೇರಿತು. ಹೆಸರು ತಪ್ಪಿದರೆ ಪ್ರಾಣಿಯ ಲೆಕ್ಕವೇ ತಪ್ಪುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ನಾಡಿನಲ್ಲಿ ನನಗೆ ಗೊತ್ತಿಲ್ಲ.

ಈಗ ಕಣ್ಣಿನ ಜತೆ ಕಿವಿಯೂ ಸೇರಿದೆ. ಲಾಳಮೂಗಿನ ಬಾವಲಿಗಳು ಒಂದೇ ಸ್ಥಾಯಿಯಲ್ಲಿ ಉದ್ದಕ್ಕೆ ಕೂಗುತ್ತವೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಅವುಗಳ ಕೂಗು ಇರುವುದು ಅದರ ಎಷ್ಟೋ ಮೇಲೆ. ಬ್ಯಾಟ್ ಡಿಟೆಕ್ಟರ್ ಎಂಬ ಸಾಧನ ಅದನ್ನು ಹಿಡಿದು ನಮಗೆ ಕೇಳುವಂತೆ, ಕಂಪ್ಯೂಟರ್ ಪರದೆಯ ಮೇಲೆ ಕಾಣುವಂತೆ ಮಾಡುತ್ತದೆ. ದಕ್ಷಿಣ ಭಾರತದಲ್ಲಿ ರೈನೊಲೋಫಸ್ ರೂಕ್ಸಿ ಎಂದೇ ಎಲ್ಲರೂ ತಿಳಿದಿದ್ದ ಲಾಳಮೂಗಿನ ಬಾವಲಿಗಳಲ್ಲಿ ಒಂದು ಗುಂಪು 80 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಇನ್ನೊಂದು 90ರ ಆಸುಪಾಸಿನಲ್ಲಿ ಕೂಗುವುದು ಗೊತ್ತಾಯಿತು. ಬಾಲಾಜಿ ಚಟ್ಟೋಪಾಧ್ಯಾಯ ಮತ್ತು ಸಂಗಡಿಗರು ವಂಶವಾಹಿಗಳನ್ನೂ ನೋಡಿದಾಗ ಎರಡೂ ಬೇರೆ ಬೇರೆ ಕವಲು ಎಂದು ಖಚಿತವಾಯಿತು. 2012ರಲ್ಲಿ ಒಂದಕ್ಕೆ ರೈನೊಲೋಫಸ್ ಇಂಡೊರೂಕ್ಸಿ ಎಂಬ ಹೊಸ ಹೆಸರು ಬಂತು. ಕತ್ತಲಲ್ಲಿ ಕೂಗಿನಿಂದಲೇ ತಮ್ಮವರನ್ನು ಗುರುತಿಸುವ ಪ್ರಾಣಿಗಳನ್ನು ನಾವು ಇಷ್ಟು ಕಾಲ ಕೂದಲ ಬಣ್ಣದಿಂದ ಗುರುತಿಸುತ್ತಾ ಬಂದಿದ್ದೆವು. ಉಷ್ಣವಲಯದಲ್ಲಿ ವರ್ಷ ವರ್ಷವೂ ಹೊಸ ಬಾವಲಿಗಳು ಪಟ್ಟಿ ಸೇರುತ್ತಿರುವುದಕ್ಕೆ, ಜಗತ್ತಿನ ಒಟ್ಟು ಲೆಕ್ಕ 1,500ರ ಹತ್ತಿರ ಬಂದಿರುವುದಕ್ಕೆ ಇದೂ ಒಂದು ಕಾರಣ.

ಒಂದು ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. ಹೋಲೋಟೈಪ್ ಎಂದರೆ ಸಾಮಾನ್ಯವಾಗಿ ಸತ್ತ ಪ್ರಾಣಿ. ಹೆಸರಿಡಲು ಕೊಲ್ಲಬೇಕೇ? ಈಗ ರೆಕ್ಕೆಯ ಪೊರೆಯಿಂದ ಮೂರು ಮಿಲಿಮೀಟರ್ ಅಗಲದ ಚೂರನ್ನು ತೆಗೆದರೆ ಡಿಎನ್‌ಎ ಸಿಗುತ್ತದೆ, ಗಾಯ ಕೆಲವೇ ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕೂಗು ಧ್ವನಿಮುದ್ರಿಸಿ, ಫೋಟೊ ತೆಗೆದು, ಬಾವಲಿಯನ್ನು ಹಾರಲು ಬಿಡಬಹುದು. ಇಷ್ಟಿದ್ದರೂ ಬುರುಡೆ, ಹಲ್ಲು, ಬ್ಯಾಕ್ಯುಲಮ್ ಇಲ್ಲದ ವಿವರಣೆ ಅರೆಬರೆ. ಹಟನ್ ಅವರ ಬಾವಲಿ ಬರೀ ಫೋಟೊ ಆಗಿದ್ದರೆ ಅದರ ಬಾಯಿ ಬಿಡಿಸಿ ನೋಡಲು ಕಿಟ್ಟಿಯವರಿಗೆ ಸಾಧ್ಯವಿರಲಿಲ್ಲ. ಹೆಸರೇ ಇಲ್ಲದ ಪ್ರಭೇದಕ್ಕೆ ಒಂದೆರಡು ಮಾದರಿ ಬೇಕು, ಅದನ್ನು ಸಂಬಂಧಪಟ್ಟ ಅನುಮತಿಯೊಂದಿಗೇ ತೆಗೆಯಬೇಕು. ಹೆಸರು ಬಂದು, ಸಂಖ್ಯೆ ಕಡಿಮೆ ಎಂದು ಗೊತ್ತಾದ ಮೇಲೆ ಒಂದನ್ನೂ ಕೊಲ್ಲಬಾರದು. ನನ್ನ ನಿಲುವು ಇಷ್ಟೇ.

ಕೋಲಾರದಲ್ಲಿ ಹೆಸರು ಬಂದ ಮೇಲೂ ಎರಡು ದಶಕ ಏನೂ ನಡೆಯಲಿಲ್ಲ. ನಡೆದದ್ದು ಕ್ವಾರಿ ಮಾತ್ರ. ಹನುಮನಹಳ್ಳಿಗೆ ಹತ್ತಿರದ ತೇರಹಳ್ಳಿಯಲ್ಲೂ ಈ ಬಾವಲಿ ಮೊದಲು ಇತ್ತು. ಈಗ ಅಲ್ಲಿ ಇಲ್ಲ. ಬಾವಲಿ ಇರುವ ಗುಡ್ಡ ಒಳ್ಳೆಯ ಗ್ರಾನೈಟ್. ಅಕ್ರಮವಾಗಿ ಕಲ್ಲು ಎಬ್ಬಿಸುವವರಿಗೆ ಗುಹೆ ಅಡ್ಡಿಯೂ ಅಲ್ಲ, ಗಮನಕ್ಕೆ ಬರುವ ವಸ್ತುವೂ ಅಲ್ಲ. ಶ್ರೀನಿವಾಸುಲು ದಂಪತಿಯ ಬಳಗ ಮತ್ತೆ ಅಲ್ಲಿಗೆ ಹೋಗಿ ಎಣಿಸಿದಾಗ ಪರಿಸ್ಥಿತಿ ಎಷ್ಟು ಬಿಗಡಾಯಿಸಿದೆ ಎಂದು ತಿಳಿಯಿತು. 2016ರಲ್ಲಿ ಐಯುಸಿಎನ್ ಕೆಂಪುಪಟ್ಟಿ ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಭೇದ ಎಂದು ಸಾರಿತು. ಅದೇ ಗುಹೆಯಲ್ಲಿ ಇನ್ನೊಂದು ಅಪರೂಪದ ಎಲೆಮೂಗಿನ ಬಾವಲಿಯೂ ಇದೆ: ಮಧ್ಯಪ್ರದೇಶದ ಜಬಲ್‌ಪುರ ಕಡೆಯಿಂದ 1970ರಲ್ಲಿ ವಿವರಿಸಿದ ಹಿಪ್ಪೊಸಿಡೆರಸ್ ದುರ್ಗಾದಾಸಿ. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಊರವರ ಜತೆ, ಅರಣ್ಯ ಇಲಾಖೆಯ ಜತೆ ಕೆಲಸ ಮಾಡಿತು. ಅಕ್ರಮ ಗಣಿಗಾರಿಕೆ ನಿಂತಿತು, ಗುಹೆಗಳ ಸುತ್ತಲಿನ 30 ಎಕರೆಗೆ ರಕ್ಷಣೆ ಸಿಕ್ಕಿತು. 1994ರ ಆ ಪುಟಗಳು ಇರದಿದ್ದರೆ ಕೆಂಪುಪಟ್ಟಿಯಲ್ಲಿ ಬರೆಯಲು ಹೆಸರೇ ಇರುತ್ತಿರಲಿಲ್ಲ, ಅಧಿಕಾರಿಯ ಮುಂದೆ ಇಡಲು ಅರ್ಜಿಯೂ ಇರುತ್ತಿರಲಿಲ್ಲ.

ಕಾನೂನು ಕೂಡ ಬಹುಕಾಲ ಬಾವಲಿಯ ಕಡೆ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣುಬಾವಲಿಗಳನ್ನು ಕಾಗೆ, ಇಲಿಗಳ ಜತೆ ಪೀಡಕ ಪಟ್ಟಿಯಲ್ಲಿ ಇಟ್ಟಿದ್ದರು. ಮೊದಲ ಅನುಸೂಚಿಯ ಪೂರ್ಣ ರಕ್ಷಣೆ ಸಿಕ್ಕಿದ್ದ ಬಾವಲಿಗಳು ಎರಡೇ. ಒಂದು ಸಲೀಂ ಅಲಿಯವರ ಹೆಸರಿನದು. ಇನ್ನೊಂದು ನಮ್ಮ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಯದು. ದೊಡ್ಡ ಕಿವಿಗಳು ಮೂತಿಯವರೆಗೆ ಚಾಚಿರುವ, ಕಂದು ಮೈಗೆ ಕುತ್ತಿಗೆಯಲ್ಲಿ ಬೂದುಬಿಳಿ ಪಟ್ಟಿ ಇರುವ ಈ ಬಾವಲಿಯನ್ನು 1913ರಲ್ಲಿ ಲಂಡನ್‌ನ ಓಲ್ಡ್‌ಫೀಲ್ಡ್ ಥಾಮಸ್ ವಿವರಿಸಿ, ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರಿಟ್ಟರು. ಸುಮಾರು ತೊಂಬತ್ತು ವರ್ಷ ಇದರ ಗೊತ್ತಿದ್ದ ನೆಲೆ ಆ ಒಂದೇ ಗುಹೆ. ಈ ಶತಮಾನದ ಆರಂಭದ ಹೊತ್ತಿಗೆ ಕಾಂಬೋಡಿಯಾದಲ್ಲೂ ಮೇಘಾಲಯದಲ್ಲೂ ಸಿಕ್ಕಿತು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮದೊಳಗೆ ತಳೇವಾಡಿಯ ಗುಹೆ ಸೇರಿದೆ. 2022ರ ತಿದ್ದುಪಡಿಯಲ್ಲಿ ಪೀಡಕ ಪಟ್ಟಿಯೇ ಹೋಯಿತು. 2018ರ ಕೇರಳದ ನಿಪಾ ಮತ್ತು ಆಮೇಲಿನ ಕೋವಿಡ್‌ನಿಂದಾಗಿ ಜನರಲ್ಲಿ ಹುಟ್ಟಿದ ಭಯ ಮಾತ್ರ ಹೋಗಿಲ್ಲ. ನಿಪಾದ ಮೂಲ ಆಶ್ರಯ ಆಲದ ಮರಗಳಲ್ಲಿ ನೇತಾಡುವ ದೊಡ್ಡ ಹಣ್ಣುಬಾವಲಿ. ಗುಹೆಯೊಳಗಿನ ಹುಳುಬಾಕ ಬಾವಲಿಗಳಿಗೆ ಹೊಗೆ ಹಾಕುವುದರಿಂದ ಯಾರ ಆರೋಗ್ಯಕ್ಕೂ ಲಾಭವಿಲ್ಲ.

ಹನುಮನಹಳ್ಳಿ, ಹಾಲೇರಿ, ತಳೇವಾಡಿ: ಒಂದು ಒಣನಾಡು, ಒಂದು ಕಾಫಿಸೀಮೆ, ಒಂದು ಘಟ್ಟದ ಕಾಡು. ನಮ್ಮ ಜಿಲ್ಲಾ ಗ್ಯಾಸೆಟಿಯರ್‌ಗಳಲ್ಲಿ, ಶಾಲೆಯ ಪರಿಸರ ಪಾಠದಲ್ಲಿ ಹಲ್ಮಿಡಿ ಶಾಸನಕ್ಕೆ ಸಿಗುವ ಜಾಗದ ಒಂದು ಸಾಲಾದರೂ ಇವಕ್ಕೆ ಸಿಗಬೇಕು. ಇನ್ನೂ ತುರ್ತಿನ ಕೆಲಸ ಬೇರೆಯದೇ ಇದೆ. ಭಟ್ ಮತ್ತು ಶ್ರೀನಿವಾಸನ್ 1990ರಲ್ಲಿ ಪ್ರಕಟಿಸಿದ ಮಲೆನಾಡಿನ ಪಟ್ಟಿ ಡಿಟೆಕ್ಟರ್, ಡಿಎನ್‌ಎಗಳಿಗೆ ಮುಂಚಿನದು. ಅದರಲ್ಲಿ ರೂಕ್ಸಿ, ಫಲ್ವಸ್, ಪೊಮೋನಾಗಳಂಥ ಹೆಸರುಗಳಡಿ ಬಂದ ಬಾವಲಿಗಳಲ್ಲಿ ಎಷ್ಟು ಒಂದೇ, ಎಷ್ಟು ಎರಡು ಎಂದು ಈಗ ಮತ್ತೆ ನೋಡಬೇಕು. ಸೊರಬ, ಸಾಗರದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರು ಸಂಜೆ ಆರೂವರೆಗೆ ಊರ ಪಾಳುಗುಡಿಯ ಮುಂದೆ ಡಿಟೆಕ್ಟರ್ ಹಿಡಿದು ಕೂತರೆ ಆಗುವ ಕೆಲಸ ಇದು. ಧ್ವನಿಮುದ್ರಣದ ಜತೆ ದಿನಾಂಕ, ಜಾಗ, ಬಾವಲಿ ಹೊರಬಂದ ಹೊತ್ತು ಬರೆದಿಟ್ಟರೆ ಸಾಕು. ಬುರುಡೆ, ಬ್ಯಾಕ್ಯುಲಮ್ ನೋಡುವ ತಜ್ಞರು ಆಮೇಲೆ ಬರಬಹುದು.